ಹೋಗದ ಶನಿವಾರಗಳು

ಅತ್ತೆಯ ಎಡಗೈ ತೋರುಬೆರಳಿನ ಒಳಬದಿಯಲ್ಲಿ ಒಂದು ಗೆರೆ ಇತ್ತು. ವರ್ಷಗಟ್ಟಲೆ ನೂಲು ಜಾರಿ ಜಾರಿ ಆದ ಗೆರೆ. ಮಗ್ಗದ ಮೇಲೆ ಯಾವ ಬಣ್ಣದ ಸೀರೆ ಇದೆ ಎಂದು ತಿಳಿಯಲು ನಾವು ಮಗ್ಗದ ಹತ್ತಿರ ಹೋಗಬೇಕಾಗಿರಲಿಲ್ಲ, ಅತ್ತೆಯ ಬೆರಳು ನೋಡಿದರೆ ಸಾಕಿತ್ತು. ಆ ಶನಿವಾರ ಅದರಲ್ಲಿ ಈರುಳ್ಳಿ ಸಿಪ್ಪೆಯ ಬಣ್ಣ ಕೂತಿತ್ತು. ನಾನು ತವರಿಗೆ ಬಂದಿದ್ದೆ. ನನ್ನ ಮಗಳು ಅತ್ತೆಯ ತೊಡೆಯ ಮೇಲೆ ಕೂತು, ಎಂಜಲು ಹಚ್ಚಿ ಅದನ್ನು ಒರೆಸಲು ನೋಡುತ್ತಿದ್ದಳು.

"ಹೋಗಲ್ಲ ಕಣೇ ಅದು. ಸೀರೆ ಮುಗ್ದು ಬೇರೆ ಹಾಕಿದ್ರೆ ತಾನೇ ಬದಲಾಗುತ್ತೆ," ಎಂದಳು ಅತ್ತೆ.

ಸಂಜೆಯ ಹೊತ್ತಿಗೆ ಕರೆಂಟ್ ಹೋಯಿತು. ನಮ್ಮ ಬೀದಿಯ ಮಗ್ಗಗಳೆಲ್ಲ ಒಂದೇ ಸಲ ನಿಂತವು. ಅತ್ತೆ ರಾಟೆ ಬಿಟ್ಟು ಎದ್ದು, ಮುಖ ತೊಳೆದು, ಬಾಗಿಲ ಹಿಂದೆ ನೇತು ಹಾಕಿದ್ದ ಚೀಲ ತೆಗೆದುಕೊಂಡು ಆಂಜನೇಯನ ಗುಡಿಗೆ ಹೋದಳು. ತಿರುಗಿ ಬಂದವಳನ್ನು ಅಮ್ಮ ಕೇಳಿದಳು, "ದರ್ಶನ ಆಯ್ತಾ ಅತ್ತಿಗೆ?"

"ಅರ್ಧ ಆಯ್ತು. ಮುಂದೆ ಒಬ್ಬ ಎತ್ತರದೋನು ನಿಂತಿದ್ದ. ಬಾಲ ಕಾಣ್ತು, ಮುಖ ಕಾಣ್ಲಿಲ್ಲ."

ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ. ನಡೆದದ್ದನ್ನು ಹೇಳಿದ್ದಳು, ಅಷ್ಟೇ. ರಾತ್ರಿ ಮುದ್ದೆ, ಸೊಪ್ಪಿನ ಸಾರು ಉಂಡಳು. ಮರುದಿನ ಬೆಳಿಗ್ಗೆ ಒಲೆ ಹಚ್ಚಲು ಏಳಲಿಲ್ಲ. ಅಮ್ಮ ಹೋಗಿ ಎಬ್ಬಿಸಿದಾಗ ಬಲಗೈ, ಬಲಗಾಲು ಎರಡೂ ಅವಳ ಮಾತು ಕೇಳುತ್ತಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಆ ಶನಿವಾರವೇ ಅವಳ ಕೊನೆಯ ಮಾಮೂಲಿ ದಿನ ಎಂದು ನಮಗೆ ಗೊತ್ತಿರಲಿಲ್ಲ.

ಅವಳು ನನ್ನ ಅಪ್ಪನ ಅಕ್ಕ. ಹೊಸಕೋಟೆ ಕಡೆಗೆ ಮದುವೆ ಮಾಡಿಕೊಟ್ಟಿದ್ದರಂತೆ. ಗಂಡ ಬಹಳ ದಿನ ಬದುಕಲಿಲ್ಲ, ಮಕ್ಕಳಾಗಿರಲಿಲ್ಲ. ಒಂದು ಟ್ರಂಕು ಹಿಡಿದುಕೊಂಡು ದೊಡ್ಡಬಳ್ಳಾಪುರಕ್ಕೆ ತಮ್ಮನ ಮನೆಗೆ ಬಂದವಳು ಮತ್ತೆ ಎಲ್ಲಿಗೂ ಹೋಗಲಿಲ್ಲ. ನಮ್ಮ ಮನೆಯ ಮುಂದಿನ ಅಂಕಣದಲ್ಲಿ ಎರಡು ಪವರ್‌ಲೂಮ್ ಮಗ್ಗಗಳು. ಅವುಗಳ ಹಿಂದೆ, ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಅತ್ತೆಯ ರಾಟೆ. ಲಾಳಿಯ ಒಳಗೆ ಕೂರುವ ಕಂಡಿಕೆಗಳಿಗೆ ನೂಲು ಸುತ್ತಿ ಕೊಡುವುದು ಅವಳ ಕೆಲಸ. ಮಗ್ಗ ಓಡುತ್ತಿದ್ದರೆ ಕಂಡಿಕೆ ಖಾಲಿಯಾಗುತ್ತಲೇ ಇರುತ್ತದೆ. ಸುತ್ತುವವರು ಎದ್ದರೆ ಮಗ್ಗ ನಿಲ್ಲುತ್ತದೆ. ಅಪ್ಪ ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚುತ್ತಿದ್ದರು, ಅತ್ತೆ ಅದರಲ್ಲಿ ಕಂಡಿಕೆ ಇಡುತ್ತಿದ್ದಳು. ಮಗ್ಗದ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲವಾದ್ದರಿಂದ ಅವರಿಬ್ಬರ ಮಾತುಕತೆಯ ಬಹುಪಾಲು ಅದೇ ಆಗಿತ್ತು.

ಶನಿವಾರ ಸಂಜೆ ಗುಡಿಗೆ ಹೋಗಬೇಕು ಎನ್ನುವುದು ಬೀದಿಯ ಎಲ್ಲರ ಮನೆಯಲ್ಲೂ ಇದ್ದ ಪದ್ಧತಿ. ಆದರೆ ನನ್ನ ಮದುವೆಗೆ ಮುಂಚೆ, ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ, ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳುವಂತಿರಲಿಲ್ಲ. ಇದ್ದಾಗ ನೇಯ್ದುಕೊಳ್ಳಬೇಕು. ಹೀಗಾಗಿ ಶನಿವಾರ ಸಂಜೆ ಕರೆಂಟ್ ಹೋದರೆ ಗುಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಇದ್ದರೆ ಪೂಜಾರಿಯೂ ದೇವರೂ ಇಬ್ಬರೇ. ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೂ ಯಾರನ್ನು ಕೇಳಿದರೂ ಬರುತ್ತಿದ್ದ ಉತ್ತರ ಒಂದೇ, "ಶನಿವಾರ ತಪ್ಸಲ್ಲಪ್ಪ." ಪಕ್ಕದ ಮನೆಯಾಕೆ ಹಾಗೆ ಹೇಳುತ್ತಿದ್ದರು. ಮೂಲೆಮನೆಯ ಬಣ್ಣ ಹಾಕುವವರು ಹೇಳುತ್ತಿದ್ದರು. ಅಪ್ಪನಂತೂ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದರು. ಸುಳ್ಳು ಹೇಳುತ್ತಿದ್ದೇವೆ ಎಂದು ಅವರು ಯಾರಿಗೂ ಅನ್ನಿಸುತ್ತಿರಲಿಲ್ಲ. ಹೋಗಬೇಕು ಎಂದುಕೊಂಡದ್ದೂ ಹೋದದ್ದೂ ಅವರ ನೆನಪಿನಲ್ಲಿ ಒಂದೇ ಕಡೆ ಕೂತುಬಿಟ್ಟಿದ್ದವು.

ಅತ್ತೆಯೊಬ್ಬಳು ಹಾಗೆ ಹೇಳುತ್ತಿರಲಿಲ್ಲ.

"ಹೋದ ವಾರ ಗುಡೀಲಿ ಕಾಣಿಸ್ಲಿಲ್ವಲ್ಲ ನೀವು?" ಎಂದು ಪಕ್ಕದ ಮನೆಯಾಕೆ ಒಮ್ಮೆ ಜಗಲಿಯಲ್ಲಿ ಕೂತು ಕೇಳಿದರು.

"ಹೋಗ್ಲಿಲ್ಲ. ಕರೆಂಟಿತ್ತು."

"ನಾನು ಹೋಗಿದ್ದೆ. ಎಷ್ಟು ಚೆನ್ನಾಗಿತ್ತು ಅಂತೀರಿ."

"ನಿಮ್ಮ ಮಗ್ಗ ಓಡ್ತಾನೇ ಇತ್ತಲ್ಲ ತಾಯಿ. ಅದು ತಾನೇ ನೇಯ್ಕೊಳ್ತಾ?"

ಆಕೆ ಸೆರಗು ಕೊಡವಿ ಎದ್ದು ಹೋದರು. ನಾನು ಕೇಳಿದೆ, "ಹೋಗಿದ್ದೆ ಅಂದ್ರೆ ನಿಂಗೇನು ಕಷ್ಟ ಅತ್ತೆ? ಅವರಿಗೂ ಸಮಾಧಾನ, ನಿಂಗೂ ಸಮಾಧಾನ."

"ಯಾರಿಗೆ ಹೇಳ್ತೀಯ ಮಗಾ ಅದನ್ನ? ಜನಕ್ಕೆ ಹೇಳಿ ಏನಾಗ್ಬೇಕು. ಅವನಿಗೆ ಹೇಳೋಣ ಅಂದ್ರೆ, ಅವನು ಅಲ್ಲೇ ಇರ್ತಾನೆ. ನಾನು ಬರದಿದ್ದ ದಿನ ಅವನೇನು ರಜಾ ಹಾಕಿರ್ತಾನಾ, ಗೊತ್ತಾಗ್ದೆ ಇರೋಕೆ?"

ಭಕ್ತಿ ಇಲ್ಲದವಳು ಎಂದು ಬೀದಿಯಲ್ಲಿ ಮಾತಿತ್ತು. ಅದು ನಿಜವಲ್ಲ. ಅವಳಿಗೆ ಗುಡಿಗೆ ಹೋಗುವುದೆಂದರೆ ತುಂಬಾ ಇಷ್ಟ. ಹೋಗಿ ಬಂದ ದಿನ ಹೂವಿನ ಹಾರ ಯಾವುದು, ಕುಂಕುಮ ಹೊಸದೋ ಹಳೆಯದೋ, ಗಂಟೆಯ ಹಗ್ಗ ಬದಲಾಯಿಸಿದ್ದಾರೋ ಇಲ್ಲವೋ, ಎಲ್ಲವನ್ನೂ ರಾಟೆ ತಿರುಗಿಸುತ್ತಾ ಹೇಳುತ್ತಿದ್ದಳು. ಆದರೆ ಅಲ್ಲಿ ನಿಂತೂ ಮನಸ್ಸು ಬೇರೆಡೆ ಇದ್ದರೆ ಅದನ್ನೂ ಬಿಡುತ್ತಿರಲಿಲ್ಲ. "ಒಲೆ ಮೇಲೆ ಹಾಲಿಟ್ಟಿದ್ನಾ ಅಂತಾನೇ ಯೋಚ್ನೆ. ಇದನ್ನ ಹೋದೆ ಅಂತ ಲೆಕ್ಕಕ್ಕೆ ಹಿಡೀಬೇಡ," ಎನ್ನುತ್ತಿದ್ದಳು.

ನನಗೆ ಗಂಡು ನೋಡಲು ಶುರು ಮಾಡಿದ್ದು ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಒಂದೆರಡು ವರ್ಷವಾದ ಮೇಲೆ. ದೂರದ ಚಿಕ್ಕಪ್ಪ ಒಬ್ಬರು ದೇವನಹಳ್ಳಿ ಕಡೆಯ ಸಂಬಂಧ ತಂದರು. ಹುಡುಗನಿಗೆ ಹಾಲಿನ ಸೊಸೈಟಿಯಲ್ಲಿ ಕೆಲಸ. ತಂದೆ ಬಹಳ ಆಚಾರವಂತರು, ಶನಿವಾರ ಗುಡಿಗೆ ಹೋಗದ ಮನೆಯಲ್ಲಿ ನೀರೂ ಕುಡಿಯುವುದಿಲ್ಲ ಎಂದು ಚಿಕ್ಕಪ್ಪ ಹೇಳಿದರು. ಅಪ್ಪ ತಕ್ಷಣ, "ನಮ್ಮನೇಲಿ ಶನಿವಾರ ಸಂಜೆ ಮಗ್ಗಕ್ಕೆ ಕೈ ಹಾಕಲ್ಲ ಅಂತ ಹೇಳು. ಮಕ್ಕಳು ಮರಿಯೆಲ್ಲ ಗುಡೀಲೇ ಇರ್ತೀವಿ. ನನ್ನ ಮಗಳು ಹುಟ್ಟಿದಾಗಿನಿಂದ ಒಂದು ವಾರ ತಪ್ಸಿಲ್ಲ," ಎಂದರು.

ಹುಡುಗನ ಫೋಟೋ ನನಗೆ ಹಿಡಿಸಿತ್ತು. ಆದರೆ ಹುಟ್ಟಿದಾಗಿನಿಂದ ಒಂದು ವಾರವೂ ತಪ್ಪಿಸದ ಹುಡುಗಿಯಾಗಿ ಆ ಮನೆಗೆ ಹೋದರೆ, ಸಾಯುವವರೆಗೂ ಅವಳಾಗಿಯೇ ಇರಬೇಕಲ್ಲ. ಅಮ್ಮನಿಗೆ ಹೇಳಿದೆ. "ಗಂಡು ಮನೆಯೋರಿಗೆ ಎಲ್ರೂ ಹಂಗೇ ಹೇಳೋದು, ನೀನು ಸುಮ್ನಿರು," ಎಂದಳು. ಅತ್ತೆ ರಾಟೆ ತಿರುಗಿಸುತ್ತಾ ಕೇಳಿಸಿಕೊಂಡಳು.

ಗಂಡಿನ ಕಡೆಯವರು ಬರಬೇಕಾಗಿದ್ದುದು ಭಾನುವಾರ ಬೆಳಿಗ್ಗೆ. ಹಿಂದಿನ ದಿನವೇ ನಮ್ಮ ಊರಿನಲ್ಲಿ ಅವರ ನೆಂಟರ ಮನೆಯ ನಾಮಕರಣವಿತ್ತಂತೆ. ಅದನ್ನು ಮುಗಿಸಿಕೊಂಡು, ಹೇಗೂ ಶನಿವಾರ, ಇವರೆಲ್ಲ ಗುಡಿಯಲ್ಲೇ ಇರುತ್ತಾರಲ್ಲ, ಅಲ್ಲೇ ನೋಡೋಣ ಎಂದು ಹುಡುಗನ ತಂದೆ ತಾಯಿ, ಜೊತೆಗೆ ನಮ್ಮ ಚಿಕ್ಕಪ್ಪ, ಸಂಜೆ ನೇರ ಆಂಜನೇಯನ ಗುಡಿಗೆ ಹೋಗಿದ್ದಾರೆ. ಪೂಜಾರಿಯ ಜೊತೆ ಬಹಳ ಹೊತ್ತು ಕಾದಿದ್ದಾರೆ. ಆ ಸಂಜೆ ಕರೆಂಟ್ ಇತ್ತು. ಗುಡಿಗೆ ನಮ್ಮ ಬೀದಿಯ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಕೊನೆಗೆ ಅವರು ನಮ್ಮ ಮನೆಗೇ ಬಂದರು. ಬೀದಿಯ ಎಲ್ಲ ಮಗ್ಗಗಳ ಹಾಗೆ ನಮ್ಮ ಎರಡೂ ಮಗ್ಗಗಳು ಓಡುತ್ತಿದ್ದವು. ಬಾಗಿಲಲ್ಲಿ ನಿಂತು ಅವರು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಅಪ್ಪ ಕಂಡಿಕೆಗೆಂದು ಕೈ ಹಿಂದಕ್ಕೆ ಚಾಚಿದಾಗ ಅತ್ತೆ ಕಂಡಿಕೆ ಇಡದೆ ಆ ಕೈಯನ್ನೇ ಹಿಡಿದು ಬಾಗಿಲ ಕಡೆ ತಿರುಗಿಸಿದಳು.

ಮಗ್ಗಗಳು ನಿಂತವು. ಅಪ್ಪ ಬನಿಯನ್ನಿನಲ್ಲಿದ್ದರು. ತಲೆಯ ಮೇಲೆ ನೂಲಿನ ಧೂಳು.

"ಬನ್ನಿ ಬನ್ನಿ," ಎಂದರು. ಆಮೇಲೆ ಯಾರೂ ಕೇಳದೆಯೇ, "ಈಗ್ತಾನೇ ಗುಡಿಯಿಂದ ಬಂದ್ವಿ. ಕರೆಂಟಿತ್ತಲ್ಲ, ಸುಮ್ನೆ ಒಂದು ಗಳಿಗೆ ಹಾಕ್ದೆ," ಎಂದರು.

"ಹೌದಾ," ಎಂದರು ಹುಡುಗನ ತಂದೆ. ಅವರ ಹಣೆಯ ಮೇಲೆ ಗುಡಿಯ ಸಿಂಧೂರ ಇನ್ನೂ ಹಸಿಯಾಗಿತ್ತು. "ನಾವೂ ಅಲ್ಲೇ ಇದ್ವಿ."

ಚಿಕ್ಕಪ್ಪ ಸೂರು ನೋಡುತ್ತಿದ್ದರು. ನಾನು ಅಡುಗೆಮನೆಯ ಬಾಗಿಲ ಹಿಂದಿದ್ದೆ. ಅಪ್ಪ, "ಹಂಗಾದ್ರೆ ನೀವು ಬರೋಕ್ ಮುಂಚೆ ನಾವು ಹೊರಟ್ಬಿಟ್ಟಿದ್ವೇನೋ," ಎಂದರು. ಅವರ ದನಿ ಸಣ್ಣದಾಗಿತ್ತು.

ಹುಡುಗನ ತಂದೆ ಅತ್ತೆಯ ಕಡೆ ತಿರುಗಿದರು. ಮನೆಗೆ ಹಿರಿಯಳು ಎಂದು ಗೌರವಕ್ಕೋ, ಪರೀಕ್ಷೆಗೋ ನನಗೆ ಇಂದಿಗೂ ಗೊತ್ತಿಲ್ಲ. "ಏನಮ್ಮಾ, ಇವತ್ತು ಅಲಂಕಾರ ಹೆಂಗಿತ್ತು?"

ಅತ್ತೆ ಮಡಿಲಲ್ಲಿದ್ದ ನೂಲಿನ ತುಣುಕುಗಳನ್ನು ಕೊಡವಿಕೊಂಡಳು. "ಹೋಗಿದ್ರಲ್ವಾ ಸ್ವಾಮಿ ಹೇಳೋಕೆ. ಇವತ್ತು ಹೋಗಿಲ್ಲ. ಹೋದ ವಾರಾನೂ ಇಲ್ಲ. ಕರೆಂಟಿದ್ರೆ ನಮ್ಮ ಬೀದೀಲಿ ಯಾರೂ ಹೋಗಲ್ಲ. ನೀವು ನೋಡ್ಕೊಂಡು ಬಂದಿದ್ದೀರಲ್ಲ, ನೀವೇ ಹೇಳಿ, ಕೇಳ್ತೀನಿ."

ಅಪ್ಪ ನೆಲ ನೋಡುತ್ತಿದ್ದರು. ಅಷ್ಟು ಹೊತ್ತೂ ಬಾಗಿಲ ಬಳಿ ನಿಂತಿದ್ದ ಹುಡುಗನ ತಾಯಿ, ಮೆಲ್ಲಗೆ ಬಂದು ಅತ್ತೆಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತರು. "ವೀಳ್ಯದೆಲೆ ಹಾರ ಹಾಕಿದ್ರು ಕಣಮ್ಮಾ. ಒಂದೊಂದೆಲೆ ಅಂಗೈಯಷ್ಟಗಲ," ಎಂದರು.

"ಎಳೇ ಎಲೇನೋ, ಬಲ್ತಿದ್ದೋ?" ಅತ್ತೆ ಕೇಳಿದಳು.

"ಎಳೇದು. ತಿಳಿಹಸ್ರಾಗಿ ಹೊಳೀತಿತ್ತು."

"ಬೆಣ್ಣೆ ಹಾಕಿರ್ಲಿಲ್ವಾ?"

"ಎದೆ ಮೇಲೆ ಒಂಚೂರು."

ಇಬ್ಬರೂ ಹೀಗೆ ಮಾತಾಡುತ್ತಲೇ ಇದ್ದರು. ಬಾಗಿಲ ಹಿಂದೆ ನಿಂತಿದ್ದ ನನಗೆ ಮೊದಲು ಆದದ್ದು ನಾಚಿಕೆಯಲ್ಲ. ಸಂಬಂಧ ಮುರಿದರೆ ಮುರಿಯಲಿ, ಒಂದು ವಾರವೂ ತಪ್ಪಿಸದ ಆ ಇನ್ನೊಬ್ಬ ಹುಡುಗಿಯಾಗಿ ನಾನು ಬಾಳಬೇಕಾಗಿಲ್ಲ ಎಂದುಕೊಂಡೆ. ನಾಚಿಕೆ ಆಮೇಲೆ ಬಂತು, ಅಪ್ಪನ ಮುಖ ನೋಡಿದ ಮೇಲೆ.

ಅವರು ನಾನು ತಂದಿಟ್ಟ ಕಾಫಿ ಕುಡಿದು, ಹೇಳಿ ಕಳಿಸುತ್ತೇವೆ ಎಂದು ಹೊರಟರು. ಭಾನುವಾರ ಬರಲಿಲ್ಲ.

ಅಪ್ಪ ಅತ್ತೆಯ ಜೊತೆ ಮಾತು ಬಿಟ್ಟರು. ಅವಳ ಮೇಲೆ ಕೂಗಾಡಲಿಲ್ಲ. ಅಮ್ಮನ ಹತ್ತಿರ ಮಾತ್ರ, ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ, "ನನ್ನ ಅನ್ನ ತಿಂದು ನನ್ನ ಮಗಳ ಬಾಳಿಗೆ ಕಲ್ಲು ಹಾಕಿದ್ಲು," ಎಂದರು. ಆ ಮಾತನ್ನು ಕೇಳಿ ಅಮ್ಮ ಅತ್ತಳು. ಅತ್ತೆ ಅಳಲಿಲ್ಲ. ಮಂಚದ ಕೆಳಗಿನ ಟ್ರಂಕು ಎಳೆದು, ಸೀರೆಗಳನ್ನು ಮಡಿಸಿ ಇಟ್ಟಳು. ದೊಡ್ಡಬೆಳವಂಗಲದಲ್ಲಿದ್ದ ಸೋದರಮಾವನ ಮಗಳ ಮನೆಗೆ ಹೋಗುತ್ತೇನೆ ಎಂದಳು. "ಹುಡ್ಗಿ ವಿಷಯ ಒಂದು ಕಡೆ ಇತ್ಯರ್ಥ ಆಗ್ಲಿ, ಆಮೇಲೆ ಹೋಗ್ತೀನಿ. ಈಗ್ಲೇ ಹೋದ್ರೆ ಕಂಡಿಕೆ ಸುತ್ತೋರಿಲ್ಲ."

ಮಗ್ಗಗಳು ಓಡಿದವು. ಅಪ್ಪ ಕೈ ಹಿಂದಕ್ಕೆ ಚಾಚುತ್ತಿದ್ದರು, ಅತ್ತೆ ಕಂಡಿಕೆ ಇಡುತ್ತಿದ್ದಳು. ಹೊರಗಿನವರು ನೋಡಿದರೆ ಏನೂ ಬದಲಾಗಿರಲಿಲ್ಲ.

ಆ ದಿನಗಳಲ್ಲಿ ಒಂದು ಮಧ್ಯಾಹ್ನ ಕರೆಂಟ್ ಇಲ್ಲದಾಗ ನಾನು ಅವಳ ಪಕ್ಕ ಕೂತು ನೂಲಿನ ಲಡಿ ಬಿಡಿಸುತ್ತಿದ್ದೆ. "ಒಂದು ದಿನದ ಮಟ್ಟಿಗೆ ಸುಮ್ನಿರ್ಬಹುದಿತ್ತಲ್ಲ ಅತ್ತೆ," ಎಂದೆ. ಅವಳ ಮೇಲೆ ಸಿಟ್ಟಿರಲಿಲ್ಲ. ಅವಳು ಹೋಗಿಬಿಡುತ್ತಾಳೆ ಎಂಬ ಭಯವಿತ್ತು.

ಅವಳು ರಾಟೆ ನಿಲ್ಲಿಸಿದಳು. ಅಲ್ಲಿಯವರೆಗೆ ಯಾರಿಗೂ ಹೇಳದ ವಿಷಯ ಹೇಳಿದಳು. ಗಂಡ ಹಾಸಿಗೆ ಹಿಡಿದಾಗ ಅವಳ ಅತ್ತೆ, ಶನಿವಾರ ತಪ್ಪದೆ ಗುಡಿಗೆ ಹೋಗುವ ಹರಕೆ ಹೊರಿಸಿದ್ದರಂತೆ. ಅವಳು ಹೋದಳು. ಜ್ವರ ಬಂದ ದಿನವೂ ಹೋದಳು. ಗಂಡ ಉಳಿಯಲಿಲ್ಲ.

"ಮಣ್ಣು ಮಾಡಿ ಬಂದೋರು ಕೇಳಿದ್ರು, ಯಾವ ವಾರ ತಪ್ಸಿದ್ದೆ ಹೇಳು ಅಂತ. ತಪ್ಸಿಲ್ಲ ಅಂದೆ. ಎಲ್ಲೋ ತಪ್ಸಿರ್ತೀಯ, ಇಲ್ದಿದ್ರೆ ಹಿಂಗ್ಯಾಕಾಗ್ತಿತ್ತು ಅಂದ್ರು. ಹೋದೆ ಅಂತ ಬಾಯಲ್ಲಿ ಹೇಳೋರೇ ಜಾಸ್ತಿ ಆಗಿ, ನಿಜವಾಗ್ಲೂ ಹೋದೋಳ ಮಾತು ಯಾರೂ ನಂಬ್ಲಿಲ್ಲ ಕಣೇ." ಹರಿದ ಎಳೆಯೊಂದನ್ನು ಗಂಟು ಹಾಕಿದಳು. "ನಾಳೆ ಆ ಮನೇಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿನ್ನನ್ನೂ ಹಿಂಗೇ ಕೇಳ್ತಾರೆ. ಮೊದಲೇ ತಪ್ಸೋಳು ಅಂತ ಗೊತ್ತಿದ್ರೆ ಕೇಳೋಕೇನೂ ಇರಲ್ಲ."

ಮತ್ತೆ ರಾಟೆ ತಿರುಗಿಸಿದಳು. ನಾನು ಎಳೆ ಸಿಕ್ಕಾಗದಂತೆ ಲಡಿ ಹಿಡಿದುಕೊಂಡು ಕೂತೆ.

ಹದಿನೈದು ದಿನವಾಗಿತ್ತೇನೋ, ಚಿಕ್ಕಪ್ಪ ಬೀದಿಯ ಕೊನೆಯಿಂದಲೇ ನಗುತ್ತಾ ಬಂದರು. ಹುಡುಗಿ ಒಪ್ಪಿಗೆ, ಲಗ್ನ ಇಡಿಸಿ ಎಂದು ಹೇಳಿ ಕಳಿಸಿದ್ದರು. ಅಪ್ಪ ಮಗ್ಗ ನಿಲ್ಲಿಸಿ, "ಶನಿವಾರದ ವಿಷಯ ಏನಂದ್ರು?" ಎಂದು ಕೇಳಿದರು.

"ಅದರ ಮಾತೇ ಬರ್ಲಿಲ್ಲ ಕಣಣ್ಣ. ಹುಡುಗನ ತಾಯಿ ಹಠ ಹಿಡಿದ್ರಂತೆ, ಇದೇ ಮನೆ ಆಗ್ಬೇಕು ಅಂತ."

ಅಪ್ಪ ಅತ್ತೆಗೆ ಏನೂ ಹೇಳಲಿಲ್ಲ. ಒಳಗೆ ಹೋಗಿ, ಮಂಚದ ಪಕ್ಕ ಕಟ್ಟಿಟ್ಟಿದ್ದ ಟ್ರಂಕನ್ನು ಕಾಲಿನಿಂದ ಮಂಚದ ಕೆಳಕ್ಕೆ ತಳ್ಳಿದರು. ಆ ಸದ್ದು ಕೇಳಿ ನಾನೂ ಅಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟು ಹಗುರವಾಗಿ ಉಸಿರಾಡಿದ್ದು ಎಷ್ಟೋ ದಿನಗಳ ಮೇಲೆ.

ಮದುವೆಯಾದ ಮೇಲೆ ನನ್ನ ಗಂಡನ ತಾಯಿ ಒಂದು ದಿನ ಅವರೆಕಾಯಿ ಬಿಡಿಸುತ್ತಾ ಹೇಳಿದರು. ಅವರ ಮನೆಯಿಂದ ಪ್ರತಿ ಶನಿವಾರ ಗುಡಿಯ ತನಕ ಹೋಗುವವರು ಎಲ್ಲರೂ ಹೌದು, ಒಳಗೆ ಹೋಗುವವರು ಅವರೊಬ್ಬರೇ. ಮಾವನವರು ಎದುರಿನ ಹೋಟೆಲಿನಲ್ಲಿ ಕೂತು ಪೇಪರ್ ಓದಿ, ಹೊರಡುವಾಗ ಸಿಂಧೂರ ಇಡಿಸಿಕೊಂಡು ಬರುತ್ತಾರೆ. "ಇಷ್ಟು ವರ್ಷದಲ್ಲಿ ಅಲಂಕಾರ ಹೆಂಗಿತ್ತು ಅಂತ ನನ್ನನ್ನ ಒಬ್ರೂ ಕೇಳಿರ್ಲಿಲ್ಲಮ್ಮ. ಎಲ್ರೂ ನೋಡಿದ್ದೀವಿ ಅನ್ನೋರೇ. ನಿಮ್ಮ ಸೋದರತ್ತೆ ಕೇಳಿದ್ರು ನೋಡು." ಮೊದಲ ಶನಿವಾರ ಅವರು ನನ್ನನ್ನು, "ಬರ್ತೀಯಾ?" ಎಂದು ಕೇಳಿದರು. ನನಗೆ ತಲೆನೋಯುತ್ತಿತ್ತು. ಇವತ್ತು ಬೇಡ ಎಂದೆ. "ಸರಿ, ಮಲಗು," ಎಂದು ಹೋದರು. ಗಂಡನ ಮನೆಯಲ್ಲಿ ನನಗೆ ಇದ್ದ ದೊಡ್ಡ ಭಯ ಅಲ್ಲಿಗೆ ಮುಗಿಯಿತು. ಮೊದಲ ಹೆರಿಗೆಯಲ್ಲಿ ಮಗು ಉಳಿಯದೆ ಹೋದಾಗಲೂ ಆ ಮನೆಯಲ್ಲಿ ಯಾರೂ ನನ್ನನ್ನು ಯಾವ ವಾರ ತಪ್ಪಿಸಿದ್ದೆ ಎಂದು ಕೇಳಲಿಲ್ಲ. ಅದರ ಬೆಲೆ ನನಗೂ ಸೋದರತ್ತೆಗೂ ಮಾತ್ರ ಗೊತ್ತಿತ್ತು.

ಅತ್ತೆ ಹಾಸಿಗೆ ಹಿಡಿದ ಮೇಲೆ ನಾನು ತವರಿನಲ್ಲೇ ಉಳಿದೆ. ಮಾತು ತೊದಲುತ್ತಿತ್ತು, ಆದರೆ ಬುದ್ಧಿ ಎಲ್ಲಿಗೂ ಹೋಗಿರಲಿಲ್ಲ. ಪಕ್ಕದ ಮನೆಯಾಕೆ ಬಂದು ಅವಳ ಕೈ ಹಿಡಿದು, "ನಿಮ್ಮ ಹೆಸರಲ್ಲಿ ದಿನಾ ಗುಡೀಲಿ ದೀಪ ಹಚ್ತಿದೀನಿ," ಎಂದರು. ಅತ್ತೆ ಹುಬ್ಬೇರಿಸಿ ಕಷ್ಟಪಟ್ಟು ಒಂದೇ ಮಾತು ಹೇಳಿದಳು. "ದಿನಾ?"

ಆಕೆ ಒಂದು ಗಳಿಗೆ ತಡೆದು, "ಎರಡು ದಿನ ಹಚ್ಚಿದೀನಿ," ಎಂದರು. ಆಮೇಲೆ ಆಕೆಯೂ ನಕ್ಕರು, ಅತ್ತೆಯೂ ಅರ್ಧ ಬಾಯಲ್ಲಿ ನಕ್ಕಳು. ಅಂದಿನಿಂದ ಆಕೆ ದಿನವೂ ಬಂದು ಅತ್ತೆಯ ಕಾಲು ಒತ್ತಿದರು. ಅದು ನಾನು ಕಣ್ಣಾರೆ ಕಂಡದ್ದು.

ಬಹಳ ನರಳಲಿಲ್ಲ. ಒಂದು ಮಧ್ಯಾಹ್ನ ಗಂಜಿ ಕುಡಿದು ಮಲಗಿದವಳು ಹಾಗೆಯೇ ಹೋದಳು. ಅಪ್ಪ ಮಗ್ಗದಲ್ಲಿದ್ದರು. ಅಮ್ಮ ಹೋಗಿ ಹೇಳಿದಾಗ ಮಗ್ಗ ನಿಲ್ಲಿಸಿ, ಬಹಳ ಹೊತ್ತು ಅದರ ಮರ ಹಿಡಿದುಕೊಂಡು ನಿಂತಿದ್ದರು. ನೋವಿಲ್ಲದೆ ಹೋದಳು ಎಂಬ ಸಮಾಧಾನ ನಮಗೆಲ್ಲ ಇತ್ತು.

ತಿಥಿಯ ದಿನ ಬೀದಿಯವರು, ನೆಂಟರು ಎಲ್ಲ ಊಟಕ್ಕೆ ಸೇರಿದ್ದರು. ಎಲೆ ಹಾಕುವ ಮುಂಚೆ ಕುಲದ ಯಜಮಾನರೊಬ್ಬರು ನಾಲ್ಕು ಮಾತಾಡಲು ಎದ್ದು ನಿಂತರು. ಒಳ್ಳೆಯ ಮನಸ್ಸಿನವರು. "ಪುಣ್ಯಾತ್ಗಿತ್ತಿ. ಇಂಥಾ ದೈವಭಕ್ತೆ ನಮ್ಮ ಬೀದೀಲಿ ಇನ್ನೊಬ್ಬಳಿಲ್ಲ. ಬದುಕಿರೋವರೆಗೂ ಒಂದು ಶನಿವಾರ ತಪ್ಪಿಸ್ದೋಳಲ್ಲ," ಎಂದರು. ಸುತ್ತಲಿದ್ದವರು ಹೌದು ಹೌದು ಎಂದು ತಲೆಯಾಡಿಸಿದರು.

"ತಪ್ಪಿಸ್ತಿದ್ಲು."

ತಿರುಗಿ ನೋಡಿದರೆ ಅಪ್ಪ. ತಲೆ ಬೋಳಿಸಿಕೊಂಡು, ಹೊಸ ಪಂಚೆ ಉಟ್ಟು ಗೋಡೆಗೆ ಒರಗಿ ಕೂತಿದ್ದರು.

"ಹಂಗನ್ಬಾರ್ದಪ್ಪ, ಸತ್ತೋರ ಬಗ್ಗೆ," ಎಂದರು ಯಜಮಾನರು.

"ಸತ್ತೋರ ಬಗ್ಗೇನೇ ನಿಜ ಹೇಳ್ಬೇಕು. ಅವಳಿದ್ದಿದ್ರೆ ಅವಳೇ ಹೇಳ್ತಿದ್ಲು. ಕರೆಂಟಿದ್ದಾಗ ಅವಳು ಹೋಗ್ತಿರ್ಲಿಲ್ಲ. ನನ್ನ ಮಗ್ಗ ಓಡ್ತಿತ್ತು, ಕಂಡಿಕೆ ಸುತ್ತೋಳು ಅವಳೊಬ್ಳೇ." ಅಪ್ಪ ಬೋಳು ತಲೆಯ ಮೇಲೆ ಕೈಯಾಡಿಸಿಕೊಂಡರು. "ಅವಳು ಹೋಗ್ದಿದ್ದ ಶನಿವಾರಗಳೆಲ್ಲ ನನ್ನವು. ನನ್ನ ಹೆಸರಿಗೆ ಬರ್ಕೊಳ್ಳಿ."

ಯಜಮಾನರು ಮೆಲ್ಲಗೆ ಕೂತರು. ಪಕ್ಕದ ಮನೆಯಾಕೆ ಬಾಯಿಗೆ ಸೆರಗು ಹಿಡಿದುಕೊಂಡಿದ್ದರು. ಅತ್ತೆ ಹೋದ ಮೇಲೆ ಅಮ್ಮ ಮೊದಲ ಸಲ ಬಿಕ್ಕಿ ಅತ್ತಳು. ನನಗೂ ಕಣ್ಣೀರು ಬಂತು. ಆದರೆ ಅದು ಆ ಹನ್ನೊಂದು ದಿನ ಸುರಿಸಿದ ಕಣ್ಣೀರಿನ ಹಾಗಿರಲಿಲ್ಲ. ಅಪ್ಪ ತಮ್ಮ ಅಕ್ಕನ ಪರವಾಗಿ ಆ ಒಂದು ಮಾತು ಎಂದಾದರೂ ಹೇಳುತ್ತಾರೋ ಇಲ್ಲವೋ ಎಂದು ಇಷ್ಟು ವರ್ಷ ಕಾದಿದ್ದೆ ಎಂಬುದು ನನಗೆ ಆಗಲೇ ಗೊತ್ತಾದದ್ದು. ಆಮೇಲೆ ಅಪ್ಪನೇ, "ಎಲೆ ಹಾಕ್ರಪ್ಪ, ಹೊತ್ತಾಯ್ತು," ಎಂದರು. ಎಲ್ಲರೂ ಹೊಟ್ಟೆ ತುಂಬ ಉಂಡರು.

ಈಗ ಕಂಡಿಕೆ ಸುತ್ತಲು ಅಪ್ಪ ಸಣ್ಣದೊಂದು ಯಂತ್ರ ತಂದಿದ್ದಾರೆ. ಶನಿವಾರ ನಾನು ತವರಿನಲ್ಲಿದ್ದರೆ ಕೆಲವು ಸಲ ಗುಡಿಗೆ ಹೋಗುತ್ತೇನೆ, ಕೆಲವು ಸಲ ಹೋಗುವುದಿಲ್ಲ. ಹೋದೆ ಎಂದರೆ ಅಮ್ಮನಿಗೆ ಖುಷಿಯಾಗುತ್ತದೆ. ಹೋಗಲಿಲ್ಲ ಎಂದರೆ ಮುಖ ಸಣ್ಣದಾಗುತ್ತದೆ. ಎರಡನ್ನೂ ಒಂದೇ ಮುಖದಲ್ಲಿ ಕೇಳಿಸಿಕೊಳ್ಳುತ್ತಿದ್ದವಳು ಈಗ ಆ ಮನೆಯಲ್ಲಿ ಇಲ್ಲ.